ಹಿಡಿಯ ಕೆಳಗಿನ ಹೆಸರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಫೋನ್ ಮಾಡಿದಾಗ, ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವುದರಿಂದ ಕಂಪ್ಯೂಟರ್ ಬಗ್ಗೆಯೋ ಕೃತಕ ಬುದ್ಧಿಮತ್ತೆಯ ಬಗ್ಗೆಯೋ ಬರೆಯುತ್ತೇನೆಂದು ಅವರು ಅಂದುಕೊಂಡಿದ್ದರು. ಅದನ್ನು ಬರೆಯುವವರು ಬೇಕಾದಷ್ಟು ಜನರಿದ್ದಾರೆ. ಈ ಶಾಲೆಯಿಂದ ನಾನು ಹೊತ್ತುಕೊಂಡು ಹೋದದ್ದರಲ್ಲಿ ಇಂದಿಗೂ ಬಳಕೆಗೆ ಬರುತ್ತಿರುವುದು ಇತಿಹಾಸದ ಪೀರಿಯಡ್ಡು. ಆದ್ದರಿಂದ ಇತಿಹಾಸದ ಒಂದು ವಿಷಯವನ್ನೇ ಬರೆಯುತ್ತೇನೆ, ಹಿರಿಯರು ಮನ್ನಿಸಬೇಕು.

ನಾನು 2003ನೇ ಸಾಲಿನ ಎಸ್ಸೆಸ್ಸೆಲ್ಸಿ ತಂಡದವನು. ನಮಗೆ ಇತಿಹಾಸ ಹೇಳಿದ ಮೇಷ್ಟ್ರು ಎರಡನೇ ಮಹಾಯುದ್ಧದ ಪಾಠ ಬಂದಾಗ ಬೋರ್ಡಿನ ಮೇಲೆ ಬರ್ಮಾದ ನಕಾಶೆ ಬರೆದು, ಇಂಫಾಲ ಮತ್ತು ಕೊಹಿಮಾಕ್ಕೆ ಕೆಂಪು ಸೀಮೆಸುಣ್ಣದಲ್ಲಿ ಚುಕ್ಕೆ ಇಡುತ್ತಿದ್ದರು. ಇಸವಿ ಸರಿಯಾಗಿ ಹೇಳಿದರೂ ಕೂರಲು ಬಿಡುತ್ತಿರಲಿಲ್ಲ. "ಅದು ನಿನಗೆ ಹೇಗೋ ಗೊತ್ತಾಯ್ತು?" ಎನ್ನುತ್ತಿದ್ದರು. "ಪುಸ್ತಕದಲ್ಲಿದೆ ಸಾರ್" ಎಂದರೆ, "ಪುಸ್ತಕಕ್ಕೆ ಯಾರು ಹೇಳಿದರು?" ಎಂದು ಮತ್ತೊಂದು ಪ್ರಶ್ನೆ. ಆಗ ನಮಗೆ ಅದು ಬರೀ ಪೀಡನೆಯಾಗಿ ಕಾಣುತ್ತಿತ್ತು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಒಂದು ಕತ್ತಿಯ ಹಿಡಿಯನ್ನು ಬಿಚ್ಚಬೇಕಾಗಿ ಬರುತ್ತದೆಂದು ಅವರಿಗೂ ಗೊತ್ತಿರಲಿಲ್ಲ.

2019ರಲ್ಲಿ ಕಂಪನಿಯ ಕೆಲಸದ ಮೇಲೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿದ್ದೆ. ಒಂದು ಹಳೆಯ ಮನೆಯ ಹಿಂಭಾಗದ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದೆ. ಮನೆಯ ಯಜಮಾನರಿಗೆ ಎಂಬತ್ತರ ಹತ್ತಿರ, ಹೆಂಡತಿ ತೀರಿಕೊಂಡಿದ್ದರು. ಅದಕ್ಕೂ ಮೊದಲು ಜಪಾನಿನ ನಗೋಯಾದಲ್ಲಿ ಎರಡು ವರ್ಷ ಕೆಲಸ ಮಾಡಿದ್ದರಿಂದ ನನಗೆ ಜಪಾನಿ ಅಕ್ಷರಗಳು ಅಷ್ಟಿಷ್ಟು ಬರುತ್ತವೆ. ಮಾತಿನ ಮಧ್ಯೆ ಇದು ಅವರಿಗೆ ತಿಳಿದ ಮರುದಿನವೇ ಕಂಬಳಿಯಲ್ಲಿ ಸುತ್ತಿದ ಉದ್ದನೆಯ ವಸ್ತುವೊಂದನ್ನು ತಂದು ಅಡುಗೆಮನೆಯ ಮೇಜಿನ ಮೇಲೆ ಇಟ್ಟರು. "ಇದನ್ನು ಓದಿ ಹೇಳುತ್ತೀಯಾ?" ಎಂದರು. ಒಳಗಿದ್ದದ್ದು ಜಪಾನಿ ಸೈನ್ಯಾಧಿಕಾರಿಯ ಕತ್ತಿ.

ಅವರ ತಂದೆ ಆಸ್ಟ್ರೇಲಿಯಾ ಸೈನ್ಯದ 6ನೇ ಡಿವಿಷನ್ನಿನಲ್ಲಿ ನ್ಯೂಗಿನಿಯ ವೆವಾಕ್ ಎಂಬಲ್ಲಿದ್ದವರು. 1945ರ ಸೆಪ್ಟೆಂಬರ್ 13ರಂದು ಅಲ್ಲಿನ ಕೇಪ್ ವೊಮ್ ವಿಮಾನದಾರಿಯ ಮೇಲೆ ಜಪಾನಿನ ಜನರಲ್ ಅದಚಿ ಸಾವಿರಾರು ಆಸ್ಟ್ರೇಲಿಯನ್ ಸೈನಿಕರ ಎದುರಿನಲ್ಲಿ ನಡೆದುಬಂದು, ಮೇಜರ್ ಜನರಲ್ ರಾಬರ್ಟ್‌ಸನ್ ಅವರಿಗೆ ಶರಣಾಗಿ ತನ್ನ ಕತ್ತಿಯನ್ನು ಒಪ್ಪಿಸಿದ. ಅದಾದ ಮೇಲೆ ಉಳಿದ ಅಧಿಕಾರಿಗಳ ಕತ್ತಿಗಳು ರಾಶಿ ಬಿದ್ದವು. ಅದರಲ್ಲೊಂದು ಈ ಮನೆಗೆ ಬಂತು.

ಹಿಂದಿನ ದಿನ, ಅಂದರೆ ಸೆಪ್ಟೆಂಬರ್ 12ರಂದು, ಸಿಂಗಪುರದಲ್ಲಿ ಮೌಂಟ್‌ಬ್ಯಾಟನ್ ಎದುರು ಆಗ್ನೇಯ ಏಷ್ಯಾದ ಜಪಾನಿ ಸೈನ್ಯದ ಶರಣಾಗತಿ ನಡೆದಿತ್ತು. ಅಲ್ಲಿ ಭಾರತದ ಪರವಾಗಿ ಇದ್ದವರು ನಮ್ಮ ಕೊಡಗಿನ ಬ್ರಿಗೇಡಿಯರ್ ಕೆ.ಎಸ್. ತಿಮ್ಮಯ್ಯ. ಕತ್ತಿ ಒಪ್ಪಿಸುವ ಶಾಸ್ತ್ರ ಹಳೆಯ ಕಾಲದ್ದು, ಅದು ಬೇಡ ಎಂಬುದು ಅಮೆರಿಕದ ಜನರಲ್ ಮೆಕಾರ್ಥರ್ ಅವರ ಅಭಿಪ್ರಾಯವಾಗಿತ್ತು. ಮೌಂಟ್‌ಬ್ಯಾಟನ್ ಒಪ್ಪಲಿಲ್ಲ. ಜಪಾನಿ ಅಧಿಕಾರಿ ತನ್ನ ಸೈನಿಕರ ಕಣ್ಣೆದುರೇ ಕತ್ತಿ ಬಿಟ್ಟುಕೊಡದಿದ್ದರೆ ಸೋತದ್ದನ್ನು ಯಾರೂ ನಂಬುವುದಿಲ್ಲ ಎಂಬುದು ಅವರ ವಾದ. ಬರ್ಮಾದಲ್ಲಿ 14ನೇ ಸೈನ್ಯವನ್ನು ನಡೆಸಿದ ಜನರಲ್ ಸ್ಲಿಮ್ ಅವರದೂ ಅದೇ ಮಾತು. ಜನರಲ್ ಕಿಮುರಾನ ಕತ್ತಿಯನ್ನು ಅವರು ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದರು. ಹೀಗೆ ದೊಡ್ಡವರ ಕತ್ತಿಗಳು ದೊಡ್ಡವರ ಮನೆಗಳಿಗೂ ಮ್ಯೂಸಿಯಮ್ಮುಗಳಿಗೂ ಹೋದವು. ಸಾಮಾನ್ಯ ಲೆಫ್ಟಿನೆಂಟುಗಳ ಕತ್ತಿಗಳು ಆಸ್ಟ್ರೇಲಿಯಾ, ಅಮೆರಿಕ, ಇಂಗ್ಲೆಂಡುಗಳ ಸಾಮಾನ್ಯ ಸೈನಿಕರ ಮನೆಗಳ ಅಟ್ಟ ಸೇರಿದವು. ಇವತ್ತು ಅವನ್ನು ಹುಡುಕಿ, ಕೊಂಡು, ಯಾರು ಮಾಡಿದ್ದು ಎಂದು ಗುರುತಿಸುವ ದೊಡ್ಡ ಸಂಗ್ರಾಹಕ ಬಳಗವೇ ಆ ದೇಶಗಳಲ್ಲಿದೆ. ನಾನು ಸಂಗ್ರಾಹಕನಲ್ಲ, ಕತ್ತಿ ಕೊಂಡವನೂ ಅಲ್ಲ. ಆ ಒಂದು ಕತ್ತಿಯ ದೆಸೆಯಿಂದ ಒಂದು ವರ್ಷ ಇದನ್ನೇ ಓದಿದೆ, ಅಷ್ಟೆ.

ಯಜಮಾನರ ಆಸೆ ಒಂದೇ. ತಾವು ಸಾಯುವುದರೊಳಗೆ ಕತ್ತಿಯನ್ನು ಅದರ ಮನೆಗೆ ತಲುಪಿಸಬೇಕು. ಹಿಡಿಗೆ ಕಟ್ಟಿದ್ದ ಸಣ್ಣ ಮರದ ಚೀಟಿಯ ಮೇಲೆ ಮಸಿಯಲ್ಲಿ ಒಂದು ಮನೆತನದ ಹೆಸರೂ ಸೆಕೆಂಡ್ ಲೆಫ್ಟಿನೆಂಟ್ ಎಂಬ ಹುದ್ದೆಯೂ ಇದ್ದವು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಲೆತಲಾಂತರದಿಂದ ಬಂದ ಸಮುರಾಯ್ ಮನೆತನದ ಕತ್ತಿ ಇದು, ಮುನ್ನೂರು ವರ್ಷ ಹಳೆಯದಿರಬೇಕು ಎಂದು ಅವರ ತಂದೆ ಹೇಳುತ್ತಿದ್ದರಂತೆ. ಅಂಥದ್ದನ್ನು ಕಿತ್ತುಕೊಂಡು ತಂದೆವಲ್ಲ ಎಂಬುದು ಮಗನಿಗೆ ಎಪ್ಪತ್ತು ವರ್ಷದಿಂದ ಕೊರೆಯುತ್ತಿತ್ತು.

ಅದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ಹೊರಗಿನ ರೂಪ ನೋಡಿ ಜಪಾನಿನ ಯುದ್ಧಕಾಲದ ಕತ್ತಿಯ ವಯಸ್ಸು ಹೇಳಲಾಗದು. ಇದಕ್ಕೆ ಕಾರಣವಿದೆ. 1876ರಲ್ಲಿ ಮೇಜಿ ಸರ್ಕಾರ ಸಮುರಾಯ್‌ಗಳು ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಕತ್ತಿ ಬಡಿಯುವ ಕಮ್ಮಾರರು ಒಂದೇ ಏಟಿಗೆ ಕೆಲಸ ಕಳೆದುಕೊಂಡರು. ಹಲವರು ಅಡುಗೆ ಚೂರಿ, ಕತ್ತರಿ, ಕುಡುಗೋಲು ಮಾಡತೊಡಗಿದರು. ಹೊಸ ಸೈನ್ಯದ ಅಧಿಕಾರಿಗಳು ಸೊಂಟಕ್ಕೆ ಕಟ್ಟಿಕೊಂಡದ್ದು ಯುರೋಪಿನ ಮಾದರಿಯ, ಕೈಗೆ ಕಾಪು ಇರುವ ಸೇಬರ್ ಕತ್ತಿ. 1930ರ ದಶಕದಲ್ಲಿ ಗಾಳಿ ತಿರುಗಿತು. ಮಂಚೂರಿಯವನ್ನು ಆಕ್ರಮಿಸಿದ್ದ ಸೈನ್ಯಕ್ಕೆ ತಾನು ಸಮುರಾಯ್‌ಗಳ ವಾರಸುದಾರ ಎಂದು ತೋರಿಸಿಕೊಳ್ಳುವ ಉಮೇದು. 1934ರಲ್ಲಿ ಹಳೆಯ ಕಾಲದ ತಾಚಿ ಕತ್ತಿಯ ಮಾದರಿಯಲ್ಲಿ ಹೊಸ ಸೈನ್ಯಕತ್ತಿ ಬಂತು. ಅದಕ್ಕೆ ಶಿನ್‌ಗುಂತೊ ಎಂದು ಹೆಸರು. ಮೀನಿನ ಚರ್ಮದ ಮೇಲೆ ರೇಷ್ಮೆ ಅಥವಾ ಹತ್ತಿಯ ಪಟ್ಟಿ ಹೆಣೆದ ಹಿಡಿ, ಚೆರಿ ಹೂವಿನ ಅಲಂಕಾರ, ಲೋಹದ ಒರೆ. 1938ರಲ್ಲಿ ಅದನ್ನೇ ಸ್ವಲ್ಪ ಸರಳ ಮಾಡಿದರು.

ಈ ಮಾದರಿಗಳಿಗೆ 94, 98 ಎಂದು ಸಂಖ್ಯೆ. ಇದೇನು ಲೆಕ್ಕ ಎಂದು ನಾನು ಮೊದಲು ಬಹಳ ತಲೆ ಕೆಡಿಸಿಕೊಂಡೆ. ಜಪಾನಿನ ಪುರಾಣೋಕ್ತ ಮೊದಲ ಚಕ್ರವರ್ತಿಯಿಂದ ಎಣಿಸುವ ಶಕೆಯಲ್ಲಿ 1934 ಎಂದರೆ 2594. ಅದರ ಕಡೆಯ ಎರಡು ಅಂಕಿ 94. ಕತ್ತಿಯ ಮೇಲೆ ಕೊರೆಯುವ ಇಸವಿ ಮಾತ್ರ ಆಗಿನ ಚಕ್ರವರ್ತಿಯ ಶೋವಾ ಶಕೆಯದು. ಅದಕ್ಕೆ 1925 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಇನ್ನು ಕೆಲವು ಕತ್ತಿಗಳ ಮೇಲೆ ಅರವತ್ತು ವರ್ಷದ ಚಕ್ರದ ಹೆಸರು ಇರುತ್ತದೆ, ಥೇಟ್ ನಮ್ಮ ಪ್ರಭವ ವಿಭವದ ಹಾಗೆ. 1940 ನಮಗೆ ವಿಕ್ರಮ ಸಂವತ್ಸರ, ಅವರಿಗೆ ಕನೋಎ-ತತ್ಸು, ಡ್ರ್ಯಾಗನ್ನಿನ ವರ್ಷ. ಒಂದೇ ದೇಶದಲ್ಲಿ ಒಂದೇ ಕಾಲಕ್ಕೆ ಮೂರು ಪಂಚಾಂಗ. ತಾರೀಖಿನ ನಮೂನೆ ಹೊಂದದೆ ಪ್ರೋಗ್ರಾಂ ಕೆಡುವುದನ್ನು ದಿನವೂ ನೋಡುವ ನನಗೆ ಇದರಿಂದ ಒಂದು ಥರದ ಸಮಾಧಾನವೂ ಆಯಿತು.

ಅಧಿಕಾರಿಗಳು ತಮ್ಮ ಕತ್ತಿಯನ್ನು ತಾವೇ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಕೈಲಾದವರು ಒಳ್ಳೆಯ ಕಮ್ಮಾರನಿಂದ ಮಾಡಿಸಿಕೊಂಡರು. ಮನೆಯಲ್ಲಿ ಅಜ್ಜನ ಕತ್ತಿ ಇದ್ದವರು ಅದರ ಅಲಗಿಗೇ ಸೈನ್ಯದ ಹಿಡಿ, ಒರೆ ಹಾಕಿಸಿದರು. ಉಳಿದವರು ಅಂಗಡಿಯಿಂದ ಸಿದ್ಧ ಕತ್ತಿ ತಂದರು. ಹವಾಲ್ದಾರ ಮಟ್ಟದವರಿಗೆ ಸರ್ಕಾರವೇ ಕೊಡುತ್ತಿದ್ದ 1935ರ ಮಾದರಿ ಬೇರೆ. ಅದು ಪೂರ್ತಿ ಯಂತ್ರದ ಕೆಲಸ. ಅಲ್ಯೂಮಿನಿಯಂ ಎರಕದ ಹಿಡಿಗೆ ಪಟ್ಟಿ ಹೆಣೆದಂತೆ ಕಾಣಲು ಬಣ್ಣ ಬಳಿದಿರುತ್ತಾರೆ, ಅಲಗಿನ ಮೇಲೆ ಕ್ರಮಸಂಖ್ಯೆ ಹೊಡೆದಿರುತ್ತಾರೆ. ಒರೆಯ ಮೇಲೆ ಅದೇ ಸಂಖ್ಯೆ ಇದ್ದರೆ ಜೋಡಿ ಸರಿ. ಅದನ್ನು ಗುರುತಿಸುವುದು ಸುಲಭ. ಅಧಿಕಾರಿಯ ಕತ್ತಿಯ ವಿಷಯದಲ್ಲೇ ತೊಡಕು. ಒಂದೇ ಬಗೆಯ ಹಿಡಿಯ ಕೆಳಗೆ ಐನೂರು ವರ್ಷದ ಅಲಗೂ ಇರಬಹುದು, 1942ರ ಕಾರ್ಖಾನೆಯದೂ ಇರಬಹುದು. ಬಿಚ್ಚಿ ನೋಡಬೇಕು.

ಬಿಚ್ಚುವುದು ಕಷ್ಟವಲ್ಲ. ಜಪಾನಿ ಕತ್ತಿಯ ಅಲಗು ಹಿಡಿಯೊಳಗೆ ನಿಲ್ಲುವುದು ಬಿದಿರಿನ ಒಂದೇ ಒಂದು ಗೂಟದಿಂದ, ಹೆಸರು ಮೆಕುಗಿ. ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಹೊರಬರುತ್ತದೆ. ಅಷ್ಟು ಉದ್ದದ ಉಕ್ಕನ್ನು ಒಂದು ಬಿದಿರಿನ ಚೂರು ಹಿಡಿದುಕೊಂಡಿದೆ ಎಂಬುದನ್ನು ನೋಡಿ ನನಗೆ ಹೆದರಿಕೆಯೇ ಆಯಿತು. ಹಿಡಿಯೊಳಗೆ ಮುಚ್ಚಿಹೋಗುವ ಅಲಗಿನ ಬಾಲಕ್ಕೆ ನಕಗೊ ಎನ್ನುತ್ತಾರೆ. ಮಾಡಿದವನ ಹೆಸರು, ಊರು, ತಾರೀಖು ಎಲ್ಲ ಅಲ್ಲೇ, ಸಣ್ಣ ಉಳಿಯಿಂದ ಕೊರೆದದ್ದು. ಕತ್ತಿ ಬಳಸುವವನಿಗೆ ಅದು ಎಂದೂ ಕಾಣುವುದಿಲ್ಲ.

ನಕಗೊಗೆ ಎಣ್ಣೆ ಹಚ್ಚುವುದಿಲ್ಲ, ಉಜ್ಜುವುದಿಲ್ಲ. ಅಲಗನ್ನು ಕನ್ನಡಿಯ ಹಾಗೆ ಕಾಪಾಡುವ ಜಪಾನೀಯರು ಬಾಲವನ್ನು ಮಾತ್ರ ತುಕ್ಕು ಹಿಡಿಯಲು ಬಿಡುತ್ತಾರೆ, ಏಕೆಂದರೆ ಆ ತುಕ್ಕೇ ವಯಸ್ಸಿನ ಸಾಕ್ಷಿ. ನೂರಾರು ವರ್ಷದ ತುಕ್ಕು ಕಪ್ಪಗೆ, ನುಣ್ಣಗೆ ಕೂತಿರುತ್ತದೆ. ಹೊಸ ತುಕ್ಕು ಕೆಂಪಗೆ ಉದುರುತ್ತದೆ. ಸಂಗ್ರಾಹಕರ ಮೊದಲ ನಿಯಮವೇ ನಕಗೊ ಮುಟ್ಟಬೇಡ ಎಂಬುದು.

ಹಿಡಿ ಜಾರಿ ಹೊರಬಂದಾಗ ಕಂಡದ್ದು ಬೆಳ್ಳಗೆ ಹೊಳೆಯುವ, ಅಡ್ಡಾದಿಡ್ಡಿ ಗೀರು ಬಿದ್ದ ಉಕ್ಕು. ನಾನು ಯಜಮಾನರ ಮುಖ ನೋಡಿದೆ. 1972ರಲ್ಲಿ, ತಂದೆ ತೀರಿಕೊಂಡ ವರ್ಷ, ಗೌರವಕ್ಕೆಂದು ಕತ್ತಿಯನ್ನು ಪೂರ್ತಿ ಬಿಚ್ಚಿ ಎಮರಿ ಕಾಗದದಲ್ಲಿ ತಿಕ್ಕಿ ಶುಚಿ ಮಾಡಿದ್ದರಂತೆ. "ತುಕ್ಕು ತೆಗೆಯುವುದು ತಪ್ಪೇ?" ಎಂದು ಕೇಳಿದರು. ತಪ್ಪು ಎನ್ನಲು ನಾಲಗೆ ಬರಲಿಲ್ಲ. ಅಕ್ಷರಗಳು ಇನ್ನೂ ಇವೆ, ನೋಡೋಣ ಎಂದೆ.

ಅಕ್ಷರಗಳು ಇದ್ದವು, ಎಲ್ಲವೂ ಅಲ್ಲ. ಒಂದು ಮಗ್ಗುಲಲ್ಲಿ ತಾರೀಖು: ಶೋವಾ ಹದಿನೇಳನೇ ವರ್ಷ. ಹದಿನೇಳಕ್ಕೆ 1925 ಕೂಡಿಸಿ, 1942. ಮುನ್ನೂರು ವರ್ಷದ ಮಾತು ಅಲ್ಲಿಗೆ ಮುಗಿಯಿತು. ಇನ್ನೊಂದು ಮಗ್ಗುಲಲ್ಲಿ "ನೋಶೂ ಸೆಕಿ ಜೂ", ಅಂದರೆ ಮಿನೊ ಸೀಮೆಯ ಸೆಕಿ ಊರಿನ ನಿವಾಸಿ. ಅದರ ಕೆಳಗೆ ಕಮ್ಮಾರನ ಹೆಸರಿನ ಮೊದಲಕ್ಷರ "ಕನೆ". ಎರಡನೇ ಅಕ್ಷರವಿದ್ದ ಜಾಗದಲ್ಲಿ ಎರಡು ಗೀಟು ಉಳಿದಿದ್ದವು. ಮಿಕ್ಕದ್ದು ಎಮರಿ ಕಾಗದದ ಪಾಲು.

ಸೆಕಿ ನನಗೆ ಗೊತ್ತಿದ್ದ ಊರು. ನಗೋಯಾದಿಂದ ಉತ್ತರಕ್ಕೆ, ಗಿಫು ಪ್ರಾಂತ್ಯದಲ್ಲಿದೆ. ಒಂದು ಭಾನುವಾರ ಚಿಕ್ಕ ರೈಲು ಹಿಡಿದು ಹೋಗಿದ್ದೆ. ಸೆಕಿ ಎಂದರೆ ಗಡಿಕಟ್ಟೆ ಎಂದರ್ಥ, ನಮ್ಮ ಸುಂಕದಕಟ್ಟೆಯ ಹಾಗೆ. ಏಳು ಶತಮಾನಗಳಿಂದ ಅಲ್ಲಿ ಕತ್ತಿ ಬಡಿಯುತ್ತಿದ್ದಾರೆ. ಈಗ ಅಡುಗೆ ಚೂರಿಗೂ ಗಡ್ಡ ಹೆರೆಯುವ ಬ್ಲೇಡಿಗೂ ಪ್ರಸಿದ್ಧಿ; ಫೆದರ್ ಬ್ಲೇಡು ತಯಾರಾಗುವುದು ಅಲ್ಲೇ. ಅಮ್ಮನಿಗೆಂದು ಒಂದು ಚೂರಿ ತಂದಿದ್ದೆ. ಅವಳು ಈಳಿಗೆಮಣೆ ಬಿಡಲಿಲ್ಲ. ಚೂರಿ ಈಗ ಕೊರಿಯರ್ ಪೊಟ್ಟಣ ಕತ್ತರಿಸಲು ಬಳಕೆಯಾಗುತ್ತಿದೆ. ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಕಮ್ಮಾರರು ಬಿಳಿ ಬಟ್ಟೆ ತೊಟ್ಟು ಕತ್ತಿ ಬಡಿದು ತೋರಿಸುತ್ತಾರೆ. ನಾನೂ ಎಲ್ಲರಂತೆ ಕೈತಟ್ಟಿ ಬಂದಿದ್ದೆ. ಯುದ್ಧಕಾಲದಲ್ಲಿ ಸೈನ್ಯದ ಕತ್ತಿಗಳು ಅತಿ ಹೆಚ್ಚು ಹೊರಬಿದ್ದ ಊರು ಇದೇ ಎಂದು ತಿಳಿದದ್ದು ಮೆಲ್ಬರ್ನ್‌ನ ಅಡುಗೆಮನೆಯಲ್ಲಿ.

ಸೆಕಿಯ ಕಮ್ಮಾರರಲ್ಲಿ ಬಹುಪಾಲು ಹೆಸರು "ಕನೆ" ಎಂದೇ ಶುರುವಾಗುತ್ತದೆ. ಹದಿನಾರನೇ ಶತಮಾನದ ಪ್ರಸಿದ್ಧ ಮಾಗೊರೊಕು ಕನೆಮೊತೊನಿಂದ ಯುದ್ಧಕಾಲದ ಕನೆಮಿಚಿ, ಕನೆನಗವರೆಗೆ. ಆದ್ದರಿಂದ ಎರಡನೇ ಅಕ್ಷರವಿಲ್ಲದೆ ಮೊದಲನೆಯದರಿಂದ ಏನೂ ಪ್ರಯೋಜನವಿಲ್ಲ. ನಮ್ಮ ಊರಿನಲ್ಲಿ ರಂಗ ಎಂದಷ್ಟೇ ಹೇಳಿ ರಂಗಪ್ಪನೋ ರಂಗಸ್ವಾಮಿಯೋ ರಂಗನಾಥನೋ ಎಂದು ಹುಡುಕಿದಂತೆ. ಇನ್ನೂ ಒಂದು ವಿಷಯ ಗೊತ್ತಾಯಿತು. ಯುದ್ಧಕಾಲದ ಸೆಕಿಯಲ್ಲಿ ಒಬ್ಬ ಬಡಿದರೆ ಒಬ್ಬ ಸಾಣೆ ಹಿಡಿಯುತ್ತಿದ್ದ, ಹಿಡಿ ಒಬ್ಬನದು, ಒರೆ ಇನ್ನೊಬ್ಬನದು. ಹೆಸರು ಕೊರೆಯಲೆಂದೇ ಬೇರೆ ಕುಶಲಿಗಳಿದ್ದರು. ಅಂದಮೇಲೆ ನಕಗೊ ಮೇಲಿನ ಹೆಸರು ಆ ಹೆಸರಿನವನ ಕೈಬರಹವೇ ಆಗಿರಬೇಕೆಂದಿಲ್ಲ.

ಹೆಸರಿನ ಮೇಲ್ಭಾಗದಲ್ಲಿ ಚಿಕ್ಕದೊಂದು ಒತ್ತುಮುದ್ರೆ ಇತ್ತು. ಭೂತಗನ್ನಡಿ ಹಿಡಿದು ನೋಡಿದರೆ ಅದೂ "ಸೆಕಿ" ಎಂಬ ಅಕ್ಷರವೇ. ಇಡೀ ಪ್ರಶ್ನೆಯ ಉತ್ತರ ಆ ಮುದ್ರೆಯಲ್ಲಿತ್ತು. ಅದನ್ನು ವಿವರಿಸಲು ನಮ್ಮ ಊರಿನ ಕುಲುಮೆಗೆ ಬರಬೇಕು.

ಶಾಲೆಯ ಹಿಂದಿನ ಓಣಿಯಲ್ಲಿದ್ದ ಕಮ್ಮಾರರ ಕುಲುಮೆ ನನ್ನ ತಂಡದವರಿಗೆಲ್ಲ ನೆನಪಿರಬೇಕು. ಮಧ್ಯಾಹ್ನದ ಬಿಡುವಿನಲ್ಲಿ ತಿದಿ ಒತ್ತಲು ನಮ್ಮಲ್ಲಿ ಸರದಿ ಇರುತ್ತಿತ್ತು. ಆತ ಮಚ್ಚು ಮಾಡುತ್ತಿದ್ದದ್ದು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ. ಕುಡುಗೋಲನ್ನು ಕಾಯಿಸಿ ನೀರಿನ ತೊಟ್ಟಿಗೆ ಅದ್ದಿದರೆ, ಲಾರಿ ಪಟ್ಟಿಯ ಮಚ್ಚನ್ನು ಮಾತ್ರ ಸುಟ್ಟ ಇಂಜಿನ್ ಆಯಿಲಿನ ಡಬ್ಬಕ್ಕೆ ಅದ್ದುತ್ತಿದ್ದ. ಯಾಕೆ ಎಂದು ಕೇಳಿದ್ದಕ್ಕೆ, "ಈ ಉಕ್ಕಿಗೆ ನೀರಿನ ಹದ ಕೊಟ್ಟರೆ ಸೀಳಿಹೋಗ್ತದೆ ಮಗಾ, ಎಣ್ಣೆ ನಿಧಾನ" ಎಂದಿದ್ದ. ಇಂಜಿನಿಯರಿಂಗ್‌ನ ಎರಡನೇ ಸೆಮಿಸ್ಟರಿನಲ್ಲಿ ಓದಿದ್ದಕ್ಕಿಂತ ಅದು ಸ್ಪಷ್ಟವಾಗಿತ್ತು.

ಜಪಾನಿನ ಕತ್ತಿಯ ಭೇದವೂ ಅದೇ. ಹಳೆಯ ಪದ್ಧತಿಯಲ್ಲಿ ಕಬ್ಬಿಣದ ಮರಳು ಮತ್ತು ಇದ್ದಿಲನ್ನು ಮಣ್ಣಿನ ತತರ ಕುಲುಮೆಯಲ್ಲಿ ಮೂರು ದಿನ ಮೂರು ರಾತ್ರಿ ಉರಿಸಿ ತಮಹಗನೆ ಎಂಬ ಉಕ್ಕು ತೆಗೆಯುತ್ತಾರೆ. ಅದನ್ನು ಬಡಿದು, ಮಡಚಿ, ಮತ್ತೆ ಬಡಿದು, ಬೆನ್ನಿಗೆ ದಪ್ಪವಾಗಿ ಬಾಯಿಗೆ ತೆಳ್ಳಗೆ ಮಣ್ಣು ಮೆತ್ತಿ, ಕಾಯಿಸಿ ನೀರಿಗೆ ಅದ್ದುತ್ತಾರೆ. ಮಣ್ಣು ತೆಳ್ಳಗಿರುವ ಬಾಯಿ ಬೇಗ ಆರಿ ಗಡುಸಾಗುತ್ತದೆ. ಬೆನ್ನು ನಿಧಾನವಾಗಿ ಆರಿ ಮೆತ್ತಗೆ ಉಳಿಯುತ್ತದೆ. ಇವೆರಡರ ಗಡಿಯಲ್ಲಿ ಮೂಡುವ ಮಂಜಿನಂಥ ಗೆರೆ ಹಮೊನ್. ಬೆಳಕಿಗೆ ಓರೆಯಾಗಿ ಹಿಡಿದರೆ ಅದರಲ್ಲಿ ಸಣ್ಣ ಸಣ್ಣ ಹರಳು ಮಿನುಗುತ್ತವೆ. ಯುದ್ಧಕಾಲದಲ್ಲೂ ಕೆಲವರು ಹೀಗೇ ಮಾಡುತ್ತಿದ್ದರು. ತೋಕಿಯೊದ ಯಸುಕುನಿ ಗುಡಿಯ ಆವರಣದಲ್ಲಿ 1933ರಲ್ಲಿ ಶುರುವಾದ ಕುಲುಮೆಯಿಂದ 1945ರ ಒಳಗೆ ಸುಮಾರು 8,100 ಇಂಥ ಕತ್ತಿಗಳು ಬಂದವು. ಅಲ್ಲಿನ ಕಮ್ಮಾರರ ಹೆಸರುಗಳೆಲ್ಲ "ಯಸು" ಎಂದು ಶುರು: ಯಸುನೊರಿ, ಯಸುಮಿತ್ಸು, ಯಸುತೊಕು. ಸೈನ್ಯವೇ ತಮಹಗನೆ ಒದಗಿಸುತ್ತಿದ್ದ ಮಾನ್ಯತೆಯ ಕಮ್ಮಾರರೂ ಇದ್ದರು. ಅವರ ನಕಗೊ ಮೇಲೆ ಒಂದು ನಕ್ಷತ್ರದ ಮುದ್ರೆ.

ಆದರೆ ಲಕ್ಷಾಂತರ ಸೈನಿಕರ ಯುದ್ಧಕ್ಕೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಬೇಡಿಕೆಯ ಬಹುಪಾಲನ್ನು ತುಂಬಿದ್ದು ಕಾರ್ಖಾನೆಯ ಉಕ್ಕನ್ನು ಬಡಿದು ಎಣ್ಣೆಯ ಹದ ಕೊಟ್ಟ ಕತ್ತಿಗಳು. ಇವಕ್ಕೆ ಶೋವಾತೊ ಎಂದು ಹೆಸರು. "ಸೆಕಿ" ಮುದ್ರೆ, ಚೆರಿ ಹೂವಿನೊಳಗಿನ "ಶೋ" ಮುದ್ರೆಗಳು ಸಾಮಾನ್ಯವಾಗಿ ಈ ಜಾತಿಯ ಗುರುತು. ಇವು ಕೆಟ್ಟ ಕತ್ತಿಗಳೆಂದು ತಿಳಿಯಬಾರದು. ನನಗೆ ಎಲ್ಲಕ್ಕಿಂತ ವಿಚಿತ್ರವೆನಿಸಿದ್ದು ದಕ್ಷಿಣ ಮಂಚೂರಿಯ ರೈಲ್ವೆ ಕಂಪನಿ ತನ್ನ ದಾಲಿಯನ್ ವರ್ಕ್‌ಶಾಪಿನಲ್ಲಿ ಮಾಡಿದ ಮಾಂತೆತ್ಸು ಕತ್ತಿ. ಮಂಚೂರಿಯದ ಕೊರೆಯುವ ಚಳಿಗೆ ಮುರಿಯದಂತೆ ರೈಲ್ವೆ ಇಂಜಿನಿಯರುಗಳು ರೂಪಿಸಿದ್ದು. ಅದರ ಮೇಲೆ ಕಮ್ಮಾರನ ಹೆಸರೇ ಇಲ್ಲ. ಒಂದೇ ಮನಸ್ಸಿನಿಂದ ಏಷ್ಯಾದ ಏಳಿಗೆ ಎಂಬರ್ಥದ ಘೋಷಣೆ, ಅದರ ಮುಂದೆ ಕಂಪನಿಯ ಹೆಸರು. ಯಾರ ಏಳಿಗೆ ಎಂಬುದನ್ನು ಮಂಚೂರಿಯದ ಚೀನೀಯರನ್ನು ಕೇಳಬೇಕಿತ್ತು.

ಊರಿನ ಹಿರಿಯ ಸಂಗ್ರಾಹಕರೊಬ್ಬರು ಒಂದು ಶನಿವಾರ ಬಂದು ನೋಡಿದರು. ಬಿಳಿ ಬಟ್ಟೆ, ಲವಂಗದ ವಾಸನೆಯ ಎಣ್ಣೆಯ ಸೀಸೆ ತಂದಿದ್ದರು. ಅಲಗನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು ಒಂದು ನಿಮಿಷ ನೋಡಿ, "ಸೆಕಿ. ಎಣ್ಣೆ" ಎಂದು ಎರಡೇ ಮಾತು ಹೇಳಿದರು. ಹಮೊನ್ ಇತ್ತು, ಚೆಂದವಾಗಿಯೇ ಇತ್ತು. ಆದರೆ ಅದರಲ್ಲಿ ಮಿನುಗುವ ಹರಳು ಇರಲಿಲ್ಲ.

ಯಜಮಾನರಿಗೆ ಇದರಿಂದ ಏನಾಯಿತೆಂದು ಹೇಳಬೇಕು. ಯುದ್ಧ ಮುಗಿದಾಗ ಅಮೆರಿಕದ ಆಡಳಿತ ಜಪಾನಿನ ಎಲ್ಲ ಕತ್ತಿಗಳನ್ನೂ ಆಯುಧವೆಂದು ಮುಟ್ಟುಗೋಲು ಹಾಕತೊಡಗಿತು. ಅಸಂಖ್ಯ ಕತ್ತಿಗಳು ಕರಗಿಹೋದವು, ಸಮುದ್ರ ಸೇರಿದವು. ಆಗ ಹೊಮ್ಮಾ ಜುಂಜಿ ಎಂಬ ವಿದ್ವಾಂಸರು ಅಮೆರಿಕದ ಕರ್ನಲ್ ಕ್ಯಾಡ್ವೆಲ್ ಅವರಿಗೆ ಕತ್ತಿ ತೋರಿಸಿ, ಇದು ಕಲಾಕೃತಿ ಎಂದು ಮನವರಿಕೆ ಮಾಡಿಕೊಟ್ಟರು. ಕಲೆಯೆನಿಸಿದ ಕತ್ತಿಗಳು ಉಳಿದುಕೊಂಡವು. ಇಂದಿಗೂ ಜಪಾನಿನ ಕಾನೂನು ನಿಂತಿರುವುದು ಅದೇ ವಾದದ ಮೇಲೆ. ಸಾಂಪ್ರದಾಯಿಕವಾಗಿ ಬಡಿದ ಕತ್ತಿಯಾದರೆ ಪ್ರಾಂತ್ಯದ ಶಿಕ್ಷಣ ಮಂಡಳಿಯಲ್ಲಿ ನೋಂದಣಿ ಮಾಡಿಸಿ ಇಟ್ಟುಕೊಳ್ಳಬಹುದು. ಕಾರ್ಖಾನೆ ಉಕ್ಕಿನ ಸೈನ್ಯಕತ್ತಿ ಬರೀ ಆಯುಧ. ಅದಕ್ಕೆ ನೋಂದಣಿಯಿಲ್ಲ, ಸಿಕ್ಕರೆ ನಾಶ. ಜಪಾನಿನಲ್ಲಿ ಹುಟ್ಟಿದ ಈ ಕತ್ತಿಗಳು ಜಪಾನನ್ನು ಬಿಟ್ಟು ಬೇರೆಲ್ಲ ಕಡೆ ಬದುಕಬಹುದು.

ಮುನ್ನೂರು ವರ್ಷದ ಸಮುರಾಯ್ ಕತ್ತಿಯಾಗಿದ್ದರೆ ಅದು ಮನೆಗೆ ಹೋಗಬಹುದಿತ್ತು. 1942ರ ಸೆಕಿ ಕತ್ತಿ ಹೋಗಲಾರದು. ಇದನ್ನು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ನಾನು ನಿರೀಕ್ಷಿಸದ ಪ್ರಶ್ನೆ ಕೇಳಿದರು. "ಆ ಫೋಟೋದಲ್ಲಿರುವುದು ಇಂಥದ್ದೇ ಕತ್ತಿ, ಅಲ್ಲವೇ?"

ಯಾವ ಫೋಟೋ ಎಂದು ಆಸ್ಟ್ರೇಲಿಯಾದಲ್ಲಿ ಯಾರೂ ಕೇಳಬೇಕಾಗಿಲ್ಲ. 1943ರ ಅಕ್ಟೋಬರ್ 24ರಂದು, ವೆವಾಕ್‌ನ ಪಶ್ಚಿಮಕ್ಕಿರುವ ಐತಾಪೆಯ ಕಡಲತೀರದಲ್ಲಿ ಲೆನ್ ಸಿಫ್ಲೀಟ್ ಎಂಬ ಆಸ್ಟ್ರೇಲಿಯನ್ ಸಾರ್ಜೆಂಟ್ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಮಂಡಿಯೂರಿದ್ದಾನೆ. ಹಿಂದೆ ಜಪಾನಿ ಅಧಿಕಾರಿ ಎರಡೂ ಕೈಯಲ್ಲಿ ಶಿನ್‌ಗುಂತೊ ಎತ್ತಿದ್ದಾನೆ. ಆ ಚಿತ್ರ ಮರುವರ್ಷ ಸತ್ತ ಜಪಾನಿ ಸೈನಿಕನೊಬ್ಬನ ಬಳಿ ಸಿಕ್ಕಿತು. ಯಜಮಾನರು ಹುಡುಗನಾಗಿದ್ದಾಗಿನಿಂದ ಆ ಚಿತ್ರ ನೋಡಿದಾಗಲೆಲ್ಲ ಬೀರುವಿನ ಹಿಂದಿನ ಕತ್ತಿ ನೆನಪಾಗುತ್ತಿತ್ತಂತೆ. ಮನೆತನದ ಪುರಾತನ ಕತ್ತಿ ಎಂಬ ಕಥೆಯನ್ನು ಅವರು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದು ಯಾಕೆಂದು ನನಗೆ ಆಗ ತಿಳಿಯಿತು.

ನನಗೂ ಅಲ್ಲೊಂದು ನೆನಪಿನ ಎಳೆ ಇತ್ತು, ಆದರೆ ಅದು ಪುಸ್ತಕದ ನೆನಪು. 1942ರಲ್ಲಿ ಸಿಂಗಪುರದಲ್ಲಿ ಸೆರೆಸಿಕ್ಕ ಸಾವಿರಾರು ಭಾರತೀಯ ಸೈನಿಕರನ್ನು ಜಪಾನೀಯರು ಹಡಗಿನಲ್ಲಿ ತುಂಬಿ ನ್ಯೂಗಿನಿ, ನ್ಯೂ ಬ್ರಿಟನ್ ದ್ವೀಪಗಳಿಗೆ ಕೂಲಿಗಳಾಗಿ ಸಾಗಿಸಿದರು. ವೆವಾಕ್‌ಗೂ ಸಾಗಿಸಿದರು. ಹಸಿವು, ಕಾಯಿಲೆ, ಹೊಡೆತ, ಕೊಲೆ. ಅಲ್ಲಿಂದ ತಿರುಗಿ ಬಂದವರು ಕಡಿಮೆ. ಲಾಯೆ ಮತ್ತು ರಬೌಲ್‌ನ ಯುದ್ಧ ಸ್ಮಶಾನಗಳಲ್ಲಿ ಭಾರತೀಯರ ಸಮಾಧಿಗಳು ಸಾಲುಗಟ್ಟಿವೆ. ನಮ್ಮ ಬೋರ್ಡಿನ ನಕಾಶೆ ಕೊಹಿಮಾದಲ್ಲೇ ನಿಂತಿತ್ತು. ಅಷ್ಟು ಪೂರ್ವಕ್ಕೆ ಹೋಗಿರಲಿಲ್ಲ. ನಾನು ಇದನ್ನು ಹೇಳಿದಾಗ ಯಜಮಾನರಿಗೂ ಅದು ಹೊಸ ವಿಷಯವಾಗಿತ್ತು.

ಈ ಕತ್ತಿ ಯಾರನ್ನಾದರೂ ಕೊಂದಿತ್ತೇ? ನಕಗೊ ಅದನ್ನು ಹೇಳುವುದಿಲ್ಲ. ಹಿಡಿಯಿಂದ ತೂಗುತ್ತಿದ್ದ ಕುಚ್ಚನ್ನು ಹುಳು ತಿಂದಿತ್ತು. ಉಳಿದ ಎಳೆಗಳಲ್ಲಿ ಕಂದು ಮತ್ತು ನೀಲಿ ಕಂಡವು. ಅದು ಲೆಫ್ಟಿನೆಂಟ್, ಕ್ಯಾಪ್ಟನ್ ದರ್ಜೆಯ ಬಣ್ಣ. ಚೀಟಿಯ ಹುದ್ದೆಗೂ ಅದಕ್ಕೂ ಹೊಂದುತ್ತದೆ. ಅಲ್ಲಿಂದ ಮುಂದೆ ದಾರಿಯಿಲ್ಲ. ಅಲಗಿನ ಬಾಯಿಯಲ್ಲಿ ಎರಡು ಕಡೆ ಮುಕ್ಕಾಗಿತ್ತು. ಅದು ಬಿದಿರಿಗೋ ಮೂಳೆಗೋ ಎಂದು ಯಾವ ಸಂಗ್ರಾಹಕನೂ ಹೇಳಲಾರ. ಹೇಳುತ್ತೇನೆನ್ನುವವರನ್ನು ನಂಬಬಾರದು. ರಕ್ತದ ಕಥೆ ಸೇರಿಸಿದರೆ ಕತ್ತಿಗೆ ಬೆಲೆ ಏರುತ್ತದೆ, ಸಮುರಾಯ್ ಕಥೆ ಸೇರಿಸಿದರೂ ಏರುತ್ತದೆ.

2020ರ ಮಾರ್ಚಿನಲ್ಲಿ ಕೊರೊನಾ ಸುದ್ದಿ ಜೋರಾಗುತ್ತಿದ್ದಾಗ ನಾನು ಊರಿಗೆ ಹೊರಡಬೇಕಾಯಿತು. ಹಿಂದಿನ ಸಂಜೆ ಇಬ್ಬರೂ ಸೇರಿ ಕತ್ತಿಯನ್ನು ಮತ್ತೆ ಜೋಡಿಸಿದೆವು. ನಾನು ಬಿದಿರಿನ ಗೂಟ ತಟ್ಟಿದೆ. ಅವರು ಒಂದು ರಟ್ಟಿನ ಕಾರ್ಡು ತಂದು, "ನಮಗೆ ಗೊತ್ತಿರುವುದನ್ನಷ್ಟೇ ಬರೆ, ನನ್ನ ಮೊಮ್ಮಕ್ಕಳಿಗೆ ಬೇಕಾಗುತ್ತದೆ" ಎಂದರು. ಬರೆದೆ: ಸೆಕಿಯಲ್ಲಿ ಮಾಡಿದ್ದು, 1942. ಕಾರ್ಖಾನೆಯ ಉಕ್ಕು, ಎಣ್ಣೆಯ ಹದ. 1945ರ ಸೆಪ್ಟೆಂಬರಿನಲ್ಲಿ ವೆವಾಕ್‌ನಿಂದ ಬಂದದ್ದು. ಚೀಟಿಯಲ್ಲಿರುವ ಹೆಸರು ಇದು, ಹುದ್ದೆ ಇದು. ಮಾಡಿದವನ ಹೆಸರಿನ ಮೊದಲಕ್ಷರ ಕನೆ, ಎರಡನೆಯದು ಅಳಿಸಿದೆ.

ಅವರು ಕನ್ನಡಕ ಏರಿಸಿ ಓದಿದರು. "ಹೇಗೆ ಅಳಿಸಿತು ಎಂದು ಬರೆದಿಲ್ಲವಲ್ಲ" ಎಂದರು. ನಾನು ಪೆನ್ನು ಹಿಡಿದು ಕೂತೇ ಇದ್ದೆ. ಅವರೇ ಕಾರ್ಡು ಎಳೆದುಕೊಂಡು, ನಡುಗುವ ಕೈಯಲ್ಲಿ, ಕೊನೆಯ ಸಾಲಿನ ಪಕ್ಕ ಸೇರಿಸಿದರು: 1972ರಲ್ಲಿ ನಾನು ತಿಕ್ಕಿದ್ದರಿಂದ. ಕೆಳಗೆ ಸಹಿ ಹಾಕಿ, ಕಾರ್ಡನ್ನು ಒರೆಗೆ ದಾರದಿಂದ ಕಟ್ಟಿದರು.